ಐದನೆಯ ಡಬ್ಬಿಯ ಅಂಟು

ಗೊಲ್ಲಾಳಪ್ಪನವರನ್ನು ಊಟದ ಪಂಕ್ತಿಯಲ್ಲಿ ಹುಗ್ಗಿಯ ಕೊಪ್ಪರಿಗೆಯ ಸಮೀಪ ಕೂಡಿಸಬಾರದೆಂಬುದನ್ನು ಅವರ ಓಣಿಯ ಜನ ಎರಡು ಮದುವೆಗಳ ಅನುಭವದಿಂದ ಕಲಿತಿದ್ದರು. ಬಡಿಸುವವನ ಕೈಯಿಂದ ಸೌಟು ತೆಗೆದುಕೊಂಡು, ಹುಗ್ಗಿಯನ್ನು ಮೊಣಕೈಯೆತ್ತರದಿಂದ ಕೆಳಕ್ಕೆ ಬಿಟ್ಟು, ಅದರ ಧಾರೆ ಎಲ್ಲಿ ತುಂಡಾಗುತ್ತದೆಂದು ಅವರು ಬಗ್ಗಿ ನೋಡುತ್ತಿದ್ದರು. ಒಂದು ಕಣ್ಣು ಧಾರೆಯ ಮೇಲೆ, ಇನ್ನೊಂದು ಎಡಗೈಯ ಗಡಿಯಾರದ ಮೇಲೆ. ಮುಂದಿನ ಎಲೆಗಳವರು ಹಸಿದು ಕೂಗುತ್ತಿದ್ದರು. ಹೆಣ್ಣಿನ ಕಡೆಯವರು ಹುಗ್ಗಿ ಕೆಟ್ಟಿತೇನೋ ಎಂದು ಓಡಿ ಬರುತ್ತಿದ್ದರು. ಆಗ ಗೊಲ್ಲಾಳಪ್ಪನವರು ಸೌಟನ್ನು ಮರಳಿಸಿ, “ಏನೂ ಆಗಿಲ್ರಿ, ಛಲೋ ಐತಿ. ಹನ್ನೊಂದು ಸೆಕೆಂಡಿಗಿ ಹರೀತು” ಎಂದು ಸಮಾಧಾನ ಹೇಳುತ್ತಿದ್ದರು. ಈ ಸಮಾಧಾನದಿಂದ ಯಾರಿಗೂ ಸಮಾಧಾನವಾದದ್ದಿಲ್ಲ.

ಅವರು ವಿಜಾಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದರು. ಊರು ತಿಕೋಟಾ. ತಂದೆ ಕರೆಪ್ಪ ಅಲ್ಲಿಯೇ ನಾಲ್ಕು ಎಕರೆ ಎರೆಭೂಮಿ ಮಾಡಿಕೊಂಡು, ಮಗ ಕಲಿಸುವುದು ಏನೆಂದು ಕೇಳಿದವರಿಗೆಲ್ಲ “ಬಾಟ್ಲಿ ಶಾಸ್ತ್ರ” ಎಂದು ಹೇಳಿಕೊಂಡು ಇದ್ದ.

೧೯೫೮ರಲ್ಲಿ ಗೊಲ್ಲಾಳಪ್ಪನವರು ಪಿಎಚ್.ಡಿ. ಮಾಡಬೇಕೆಂದು ಧಾರವಾಡಕ್ಕೆ ಹೋಗಿ ಪ್ರೊಫೆಸರ್ ಬಸಲಿಂಗಯ್ಯನವರೆದುರು ನಿಂತರು. ಸಣ್ಣ ಅಣುಗಳು ಕೊಂಡಿಗೆ ಕೊಂಡಿ ಸೇರಿ ಸಾವಿರಾರು ಕೊಂಡಿಗಳ ಸರಪಳಿಯಾಗುವ ಪಾಲಿಮರುಗಳೆಂಬ ಪದಾರ್ಥಗಳ ವಿಷಯದಲ್ಲಿ ಆ ಭಾಗದಲ್ಲಿ ತಿಳಿದವರೆಂದರೆ ಅವರೊಬ್ಬರೇ.

“ಸರ್, ನೈಲಾನ್ ಮ್ಯಾಲೆ ಮಾಡಬೇಕಂತೀನ್ರಿ.”

“ಮಾಡಪಾ. ಯಂತ್ರ ಐತಿ?”

“ಇಲ್ರಿ.”

“ನೈಲಾನ್ ಐತಿ?”

“ಅದೂ ಇಲ್ರಿ.”

“ಮತ್ತ ನಿಮ್ಮೂರಾಗ ಏನೈತಿ?”

ಗೊಲ್ಲಾಳಪ್ಪನವರು ತಿಕೋಟಾವನ್ನು ಮನಸ್ಸಿನಲ್ಲಿಯೇ ಒಂದು ಸುತ್ತು ಹಾಕಿ ಬಂದು, “ಜಾಲಿ ಗಿಡ ಅದಾವ್ರಿ” ಎಂದರು.

“ಹಂಗಾರ ನಿನ್ನ ಪಾಲಿಮರ್ ಅಲ್ಲೇ ಗಿಡದ ಮ್ಯಾಲೆ ಕುಂತೈತಿ. ಜಾಲಿ ಅಂಟು. ಹೋಗಿ ಕಿತ್ಕೊಂಡ ಬಾ.”

ಒಂದು ಸಂಶೋಧನೆಯ ವಿಷಯ ಇಷ್ಟು ಬೇಗ ನಿರ್ಧಾರವಾದದ್ದು ವಿರಳ. ಪ್ರಶ್ನೆಯೂ ಸರಳವಾಗಿತ್ತು: ಒಂದೊಂದು ಜಾಲಿ ಗಿಡದ ಅಂಟಿನ ಸರಪಳಿ ಒಂದೊಂದು ಉದ್ದವಿರುತ್ತದೆಯೆ? ಸರಪಳಿ ಕಣ್ಣಿಗೆ ಕಾಣುವಂಥದಲ್ಲ; ಆದರೆ ಅಂಟನ್ನು ನೀರಿನಲ್ಲಿ ಕರಗಿಸಿ ಕೂದಲೆಳೆಯಷ್ಟು ಸಣ್ಣ ರಂಧ್ರದ ಗಾಜಿನ ಕೊಳವೆಯಲ್ಲಿ ಬಿಟ್ಟರೆ, ಉದ್ದ ಸರಪಳಿಯದು ನಿಧಾನವಾಗಿ ಇಳಿಯುತ್ತದೆ, ಗಿಡ್ಡ ಸರಪಳಿಯದು ಬೇಗ ಇಳಿಯುತ್ತದೆ. ಕೊಳವೆಯ ಮೇಲೆ ಒಂದು ಗೆರೆ, ಕೆಳಗೆ ಒಂದು ಗೆರೆ. ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ದ್ರಾವಣ ಇಳಿಯಲು ಹಿಡಿದ ಕಾಲವೇ ಉತ್ತರ. ಒಟ್ಟಿನಲ್ಲಿ ಗೊಲ್ಲಾಳಪ್ಪನವರ ಆರು ವರ್ಷದ ವಿದ್ವತ್ತೆಂದರೆ ಒಂದು ಗಾಜಿನ ಕೊಳವೆಯೆದುರು ಉಸಿರು ಬಿಗಿಹಿಡಿದು ಕುಳಿತುಕೊಳ್ಳುವುದು.

ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದವನು ಪ್ರಯೋಗಶಾಲೆಯ ಅಟೆಂಡರ್ ಅಮೀನಸಾಬ. ನಿವೃತ್ತಿಗೆ ಏಳೆಂಟು ವರ್ಷ ಉಳಿದಿದ್ದ ಅವನು ಈ ಕೆಲಸವನ್ನು ಕ್ಯಾಂಟೀನಿನಲ್ಲಿ ಹೀಗೆ ವರ್ಣಿಸುತ್ತಿದ್ದ: “ನಮ್ಮ ಸರ್‌ದು ಭಾಳ ಶಾಂತ ಕೆಲಸ ನೋಡ್ರಿ. ಸೋರೂದು ನೋಡಕೋಂತ ಕುಂಡ್ರೂದು. ಮಳಿ ಬಂದ್ರ ನಮ್ಮ ಮನ್ಯಾಗೂ ಸೋರ್ತೈತಿ, ನಾನೂ ನೋಡಕೋಂತ ಕುಂಡರ್ತೀನಿ. ನನಗ ಯಾರೂ ಡಿಗ್ರಿ ಕೊಡವಲ್ರು.”

ಆದರೆ ಶಾಂತಿಯೂ ಅಖಂಡವಾಗಿರಲಿಲ್ಲ. ಗಿಡದಿಂದ ಕಿತ್ತ ಅಂಟಿನಲ್ಲಿ ತೊಗಟೆ, ಧೂಳು, ಇರುವೆಯ ಕಾಲು ಇತ್ಯಾದಿಗಳಿರುತ್ತವೆ. ಅದನ್ನು ನೀರಿನಲ್ಲಿ ಕರಗಿಸಿ, ಸೋಸಿ, ಆಮೇಲೆ ಸ್ಪಿರಿಟ್ ಸುರಿದರೆ ಶುದ್ಧ ಅಂಟು ಬೆಳ್ಳಗೆ ಹಿಂಜಿದ ಅರಳೆಯಂತೆ ತಳಕ್ಕೆ ಕೂಡುತ್ತದೆ. ಆಗ ಜಿಲ್ಲೆಯಲ್ಲಿ ಪಾನನಿರೋಧವಿದ್ದ ಕಾಲ. ಸ್ಪಿರಿಟ್ಟಿಗೆ ಪರವಾನಿಗೆ ಬೇಕು. ಪರವಾನಿಗೆಯ ಷರತ್ತಿನಂತೆ ಮೊದಲ ಶೀಸೆಯನ್ನು ಅಬಕಾರಿ ಜಮಾದಾರನ ಸಮಕ್ಷಮ ಬಳಸಬೇಕು. ಜಮಾದಾರ ಬಂದು ಸ್ಟೂಲಿನ ಮೇಲೆ ಕುಳಿತ. ಗೊಲ್ಲಾಳಪ್ಪನವರು ಶೀಸೆಯ ಬಿರಡೆ ತೆಗೆದರು. ವಾಸನೆ ಕೋಣೆಯನ್ನು ತುಂಬಿತು.

“ಇಷ್ಟೂ ಇದರಾಗ ಸುರೀತೀರೇನ್ರಿ ಸರ?”

“ಹೌದ್ರಿ.”

“ಒಂದ ತೊಟಕೂ ಉಳ್ಯಂಗಿಲ್ಲ?”

“ಇಲ್ರಿ. ಉಳದ್ರ ನೀವ ನನ್ನ ಹಿಡೀತೀರಿ.”

ಶೀಸೆ ಬರಿದಾಗುವವರೆಗೂ ಜಮಾದಾರ ಅದರ ಮೇಲಿನ ಕಣ್ಣು ತೆಗೆಯಲಿಲ್ಲ. ಕೊನೆಯ ಹನಿ ಬಿದ್ದಾಗ ಎದ್ದು ನಿಂತು, ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡ. ಅಮೀನಸಾಬ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಚಹಾ ಕುಡಿಸಬೇಕಾಯಿತು.

ಕರೆಪ್ಪನ ಹೊಲದ ಒಡ್ಡಿನ ಮೇಲೆ ಐದು ಜಾಲಿ ಗಿಡಗಳಿದ್ದವು. ಅವೇ ಗೊಲ್ಲಾಳಪ್ಪನವರ ಪ್ರಬಂಧದ ಐದು ಆಧಾರಸ್ತಂಭಗಳು. ಕರೆಪ್ಪನಿಗೆ ಅಂಕಿ ಓದಲು ಬಾರದ್ದರಿಂದ ಗಿಡಗಳ ಬೊಡ್ಡೆಗೆ ಸುಣ್ಣದಿಂದ ಒಂದು ಗೀಟು, ಎರಡು ಗೀಟು ಎಂದು ಐದರವರೆಗೆ ಎಳೆದಿದ್ದರು. ಐದು ತಗಡಿನ ಡಬ್ಬಿಗಳ ಮೇಲೆಯೂ ಅದೇ ಗೀಟುಗಳು. ಗೀಟು ಎಳೆದ ದಿನ ಊರಿನವರು ಗಿಡಗಳನ್ನು ವಿದ್ಯುತ್ ಕಂಬಕ್ಕಾಗಿ ಸರಕಾರ ಕಡಿಯುತ್ತದೆಂದು ಮಾತನಾಡಿಕೊಂಡರು. ಕರೆಪ್ಪ ಎಲ್ಲರಿಗೂ ತಿಳಿಸಿ ಹೇಳಿದ: “ಕಡ್ಯಂಗಿಲ್ಲೋ. ಅವಕ್ಕ ನಮ್ಮ ಗೊಲ್ಲಾಳ ಕಾಲೇಜಿನ್ಯಾಗ ಹಾಜರಿ ಹಚ್ಯಾನ.”

ಮೊದಲ ವರ್ಷ ಗೊಲ್ಲಾಳಪ್ಪನವರು ಬೇಸಿಗೆಯಲ್ಲಿ ತಾವೇ ಹೋಗಿ, ಮುಳ್ಳು ಚುಚ್ಚಿಸಿಕೊಂಡು ಅಂಟು ಕಿತ್ತರು. ಐದು ಗಿಡಕ್ಕೆ ಐದು ಚೊಕ್ಕ ಉತ್ತರ ಬಂದವು. ಐದನೆಯ ಗಿಡದ್ದು ಮೂರು ನಿಮಿಷ ಹನ್ನೆರಡು ಸೆಕೆಂಡು. ೧೯೬೦ರಲ್ಲಿ ಬಬಲೇಶ್ವರದ ಚಂದ್ರಾಬಾಯಿಯೊಡನೆ ಮದುವೆಯಾಯಿತು, ಕಾಲೇಜಿನಲ್ಲಿ ತಾಸುಗಳು ಹೆಚ್ಚಿದವು. ಅಂದಿನಿಂದ ಅಂಟು ಕೀಳುವ ಕೆಲಸವನ್ನು ಕರೆಪ್ಪ ವಹಿಸಿಕೊಂಡ. ಗೊಲ್ಲಾಳಪ್ಪನವರು ಒಂದೇ ಎಚ್ಚರಿಕೆ ಕೊಟ್ಟಿದ್ದರು: “ಯಪ್ಪಾ, ಒಂದ ಗಿಡದ ಅಂಟ ಇನ್ನೊಂದ ಗಿಡದ ಡಬ್ಬ್ಯಾಗ ಬೀಳಬಾರ್ದು ನೋಡು.” ಪ್ರತಿ ಬೇಸಿಗೆಯ ಕೊನೆಗೆ ಐದೂ ಡಬ್ಬಿ ಕಂಠಮಟ್ಟ ತುಂಬಿ ತಿಕೋಟಾದ ಬಸ್ಸಿನಲ್ಲಿ ಬರತೊಡಗಿದವು.

ಡಬ್ಬಿ ತುಂಬಿ ಬಂದಂದಿನಿಂದ ಉತ್ತರಗಳು ದಾರಿ ತಪ್ಪಿದವು. ಐದನೆಯ ಗಿಡ ೧೯೬೧ರಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡು ಎಂದಿತು; ೧೯೬೨ರಲ್ಲಿ ಮೂರು ನಿಮಿಷ ಐವತ್ತು ಎಂದಿತು; ಮರುವರ್ಷ ಸೋಮವಾರ ಒಂದು ಹೇಳಿ ಬುಧವಾರ ಇನ್ನೊಂದು ಹೇಳಿತು. ಗೊಲ್ಲಾಳಪ್ಪನವರು ಥರ್ಮಾಮೀಟರನ್ನು ಸಂಶಯಿಸಿದರು, ನೀರನ್ನು ಸಂಶಯಿಸಿದರು, ಕೊನೆಗೆ ಅಮೀನಸಾಬನ ಹೆಬ್ಬೆರಳನ್ನು ಸಂಶಯಿಸಿದರು. ಸ್ಟಾಪ್‌ವಾಚಿನ ಗುಂಡಿಯನ್ನು ಅವನು ತಡವಾಗಿ ಒತ್ತುತ್ತಾನೆಯೆ? ಒಂದು ಇಡೀ ವಾರ ಅವನನ್ನು ನಲ್ಲಿಯೆದುರು ನಿಲ್ಲಿಸಿ ಹನಿ ಬಿದ್ದಾಗಲೊಮ್ಮೆ ಗುಂಡಿ ಒತ್ತಿಸಿ ಪುಸ್ತಕದಲ್ಲಿ ಬರೆದುಕೊಂಡರು.

“ಸರ್, ಇಪ್ಪತ್ತಾರ ವರ್ಷ ಸರ್ವೀಸ್ ಆತ್ರಿ ನಂದು,” ಎಂದ ಅಮೀನಸಾಬ. “ಇಲ್ಲೀಮಟ ನನ್ನ ಹೆಬ್ಬಟ್ಟಿನ ಮ್ಯಾಲೆ ಯಾರೂ ಬಟ್ಟ ಮಾಡಿರಲಿಲ್ಲ.”

ಹೆಬ್ಬೆರಳು ನಿರ್ದೋಷಿಯೆಂದು ಸಾಬೀತಾಯಿತು. ಅಷ್ಟರಲ್ಲಿ ಧಾರವಾಡದಿಂದ ಪತ್ರ ಬಂತು. ಪ್ರೊಫೆಸರರು ಬರೆದಿದ್ದರು: ‘ಒಂದು ಗಿಡಕ್ಕೆ ಒಂದು ಉತ್ತರವಿರಬೇಕು. ೧೯೬೪ರ ಮಾರ್ಚ್ ೩೧ಕ್ಕೆ ನಿನ್ನ ನೋಂದಣಿಯ ಅವಧಿ ಮುಗಿಯುತ್ತದೆ, ಮುಂದಕ್ಕೆ ವಿಸ್ತರಣೆಯಿಲ್ಲ. ಮಾರ್ಚ್ ಮೊದಲ ವಾರ ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಗೆ ನಾನು ವಿಜಾಪುರಕ್ಕೆ ಬರುವವನಿದ್ದೇನೆ. ಐದನೆಯ ಗಿಡದ ಈಚಿನ ಅಂಟು ನನ್ನ ಕಣ್ಣೆದುರು ಮೊದಲ ವರ್ಷದ ಉತ್ತರವನ್ನೇ ಮೂರು ಸಲ ಕೊಟ್ಟರೆ ಪ್ರಬಂಧಕ್ಕೆ ಸಹಿ ಹಾಕುತ್ತೇನೆ. ಕೊಡದಿದ್ದರೆ ನಾವಿಬ್ಬರೂ ಆರು ವರ್ಷ ಕೂಡಿ ಚಹಾ ಕುಡಿದೆವೆಂದು ತಿಳಿಯೋಣ.’

ಪತ್ರ ಬಂದ ವಾರವೇ, ಫೆಬ್ರುವರಿಯ ಆರಂಭದಲ್ಲಿ, ಬಬಲೇಶ್ವರದ ತವರಿನಲ್ಲಿದ್ದ ಚಂದ್ರಾಬಾಯಿ ಹೆಣ್ಣು ಮಗುವನ್ನು ಹೆತ್ತಳು. ಮೂರನೆಯ ದಿನ ಗೊಲ್ಲಾಳಪ್ಪನವರು ಮಗುವನ್ನು ನೋಡಲು ಹೊರಟರು. ಕಾಲೇಜಿನ ಇಲಿಗಳಿಗೆ ಅಂಟು ಬಹಳ ಪ್ರೀತಿ. ಎರಡನೆಯ ಡಬ್ಬಿಯ ಮುಚ್ಚಳದ ಅಂಚನ್ನು ಅವು ಆಗಲೇ ಕಡಿದು ನೋಡಿದ್ದವು. ಆದ್ದರಿಂದ ಐದೂ ಡಬ್ಬಿಗಳನ್ನು ಕೈಚೀಲದಲ್ಲಿ ತುಂಬಿ, ಸಾರವಾಡ ದಾಟುವವರೆಗೂ ತೊಡೆಯ ಮೇಲಿನಿಂದ ಇಳಿಸದೆ, ಬಬಲೇಶ್ವರಕ್ಕೆ ಒಯ್ದರು. ಮಗುವನ್ನು ಎತ್ತಿಕೊಳ್ಳುವ ಮುಂಚೆ ಡಬ್ಬಿಗಳನ್ನು ಅಡಿಗೆಮನೆಯ ಗೂಡಿನಲ್ಲಿ ಭದ್ರವಾಗಿ ಇಟ್ಟರು. ಮಗು ಚೆನ್ನಾಗಿತ್ತು. ಊಟ ಅದಕ್ಕಿಂತ ಚೆನ್ನಾಗಿತ್ತು. ಅತ್ತೆ ಪರಸವ್ವ ಅಳಿಯನಿಗೆ ಹೊರಕೋಣೆಯಲ್ಲಿ ಕೌದಿ ಹಾಸಿಕೊಟ್ಟಳು. ಗೊಲ್ಲಾಳಪ್ಪನವರು ನಿದ್ದೆ ಹೋದರು.

ಎಚ್ಚರವಾದದ್ದು ವಾಸನೆಗೆ. ತುಪ್ಪ, ಬೆಲ್ಲ, ಒಣಕೊಬ್ಬರಿ, ಏಲಕ್ಕಿ. ಅವುಗಳ ಅಡಿಯಲ್ಲಿ ಇನ್ನೊಂದು ವಾಸನೆ, ಬಹಳ ಪರಿಚಯದ್ದು. ರಸಾಯನಶಾಸ್ತ್ರಜ್ಞನ ಮೂಗು ಅದನ್ನು ಹೃದಯಕ್ಕಿಂತ ಮೊದಲು ಗುರುತಿಸಿತು. ಗೊಲ್ಲಾಳಪ್ಪನವರು ಬರಿಗಾಲಲ್ಲಿ ಅಡಿಗೆಮನೆಗೆ ಓಡಿದರು.

ಪರಸವ್ವ ಒಲೆಯ ಮುಂದೆ ಕುಳಿತು ಉಂಡೆ ಕಟ್ಟುತ್ತಿದ್ದಳು. ತಾಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಉಂಡೆಗಳು ಸಾಲಾಗಿ ಕುಳಿತಿದ್ದವು.

“ಅತ್ಯಾರ, ಏನ ಮಾಡಾಕತ್ತೀರಿ?”

“ಅಂಟಿನುಂಡಿ.”

“ಯಾ ಅಂಟು?”

“ನೀವ ತಂದೀರಲ್ರಿ.”

“ಅತ್ಯಾರ! ಅದು ನನ್ನ ಪಿಎಚ್.ಡಿ.ರಿ!”

“ಇರ್ಲೇಳ್ರಿ,” ಎಂದಳು ಪರಸವ್ವ, ಉಂಡೆಯನ್ನು ಅಂಗೈಯಲ್ಲಿ ತಿರುಗಿಸುತ್ತ. “ತುಪ್ಪದಾಗ ಛಲೋ ಅರಳ್ಯಾವು.”

ಬಾಣಂತಿಯ ಕೋಣೆಯಿಂದ ಚಂದ್ರಾಬಾಯಿಯ ತುಂಬಿದ ಬಾಯಿಯ ದನಿ ಬಂತು: “ಭಾಳ ರುಚಿ ಆಗ್ಯಾವ್ರಿ. ಒಂದ ತಿಂದ ನೋಡ್ರಿ.”

“ನನಗ ಒಂದ ಮಾತ ಕೇಳಬಾರದಿತ್ತೇನ್ರಿ?” ಎಂದು ಗೊಲ್ಲಾಳಪ್ಪನವರು ಗೋಡೆಗೆ ಒರಗಿದರು.

“ಏನ ಕೇಳೂದೈತ್ರಿ ಇದರಾಗ?” ಪರಸವ್ವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಮಗಳು ಬಾಣಂತಿ. ನೋಡಾಕ ಬಂದ ಅಳಿಯ ಐದ ಡಬ್ಬಿ ಅಂಟ ಹೊತ್ಕೊಂಡ ಬಂದಾನ. ತಂದಾವ ಸೀದಾ ಅಡಗಿಮನ್ಯಾಗ ಇಟ್ಟಾನ. ಇನ್ನ ಯಾತಕ್ಕ ತಂದಾನಂತ ನಾ ತಿಳೀಬೇಕಾಗಿತ್ತು? ಓಣ್ಯಾಗ ನಾಲ್ಕ ಮನಿಗಿ ಹೇಳಿ ಬಂದೀನಿ, ಇಂಥಾ ಅಳಿಯ ಯಾರಿಗೂ ಸಿಗಂಗಿಲ್ಲಂತ.”

ಗೊಲ್ಲಾಳಪ್ಪನವರು ಗೂಡಿನತ್ತ ನೋಡಿದರು. ಯಾವ ಡಬ್ಬಿಯೆಂದು ಕೇಳಿದರು. ಐದು ಗೀಟಿನದು, ಎಲ್ಲಕ್ಕಿಂತ ಅದೇ ದೊಡ್ಡದಿತ್ತು. ಇಣುಕಿದರು, ತಳದಲ್ಲಿ ಕಾಲುಭಾಗ ಉಳಿದಿತ್ತು.

“ಆದ್ರ ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ,” ಎಂದು ಪರಸವ್ವ ಮೊರದಲ್ಲಿ ಬೇರೆ ತೆಗೆದಿಟ್ಟಿದ್ದ ಕಪ್ಪನೆಯ ಗಟ್ಟಿಗಳ ರಾಶಿಯನ್ನು ಮುಂದೆ ತಳ್ಳಿದಳು. “ಆರಿಸಿ ತರಬೇಕಾಗಿತ್ತು. ಅರ್ಧಕ್ಕರ್ಧ ಬೇವಿನಂಟ ಐತಿ ಇದರಾಗ.”

ಗೊಲ್ಲಾಳಪ್ಪನವರು ಡಬ್ಬಿಯಿಂದ ತಲೆ ಎತ್ತಿದರು. “ಏನಂದ್ರಿ?”

“ಬೇವಿಂದ್ರಿ. ಜಾಲಿ ಅಂಟ ತುಪ್ಪದಾಗ ಬಿಟ್ರ ಜ್ವಾಳದ ಅರಳಿನಂಗ ಅರಳ್ತೈತಿ. ಬೇವಿಂದು ಹಂಗ ಕರ್ರಗ ಕುಂಡರ್ತೈತಿ. ನೋಡ್ರಿ ಬೇಕಾರ.” ಒಂದು ಚೂರನ್ನು ಬಾಣಲೆಗೆ ಬಿಟ್ಟಳು, ಅದು ಉಬ್ಬಿ ಬೆಳ್ಳಗಾಯಿತು. ಇನ್ನೊಂದನ್ನು ಬಿಟ್ಟಳು, ಅದು ಸುಟ್ಟು ವಾಸನೆ ಕೊಟ್ಟಿತು. ಮೂರು ವರ್ಷ ಥರ್ಮಾಮೀಟರು, ನೀರು, ಒಬ್ಬ ಮನುಷ್ಯನ ಹೆಬ್ಬೆರಳು ಇವನ್ನೆಲ್ಲ ಸಂಶಯಿಸಿದ ವಿಜ್ಞಾನಿಯೆದುರು ಉತ್ತರ ಎರಡು ನಿಮಿಷದಲ್ಲಿ ತುಪ್ಪದಲ್ಲಿ ತೇಲುತ್ತಿತ್ತು.

“ಜಾಲಿ ಗಿಡದ ಡಬ್ಬ್ಯಾಗ ಬೇವಿನಂಟ ಹೆಂಗ ಬರ್ತೈತ್ರಿ?”

“ನನ್ನ್ಯಾಕ ಕೇಳ್ತೀರಿ? ಡಬ್ಬಿ ತುಂಬಿದಾವ್ರನ್ನ ಕೇಳ್ರಿ.”

ಮರುದಿನ ಗೊಲ್ಲಾಳಪ್ಪನವರು ವಿಜಾಪುರದಲ್ಲಿ ಬಸ್ಸು ಬದಲಿಸಿ, ತೊರವಿ ದಾಟಿ, ತಿಕೋಟಾದಲ್ಲಿ ಇಳಿದು ನೆಟ್ಟಗೆ ಹೊಲಕ್ಕೆ ಹೋದರು. ಕರೆಪ್ಪ ಒಡ್ಡಿನ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದ.

“ಯಪ್ಪಾ, ಐದನೇ ಡಬ್ಬ್ಯಾಗ ಏನ ಹಾಕೀದಿ?”

“ಅಂಟು.”

“ಯಾ ಗಿಡದ್ದು?”

“ಐದ ಗೀಟಿಂದು.”

“ಬರೇ ಅದರದ್ದ?”

ಕರೆಪ್ಪ ರೊಟ್ಟಿಯ ತುಣುಕನ್ನು ಕೈಯಲ್ಲಿಯೇ ಹಿಡಿದು ಐದನೆಯ ಗಿಡದ ಕಡೆಗೆ ನೋಡಿದ, ಗಿಡವೇ ಚಾಡಿ ಹೇಳಿರಬೇಕೆಂಬಂತೆ. “ಮೂರೂ ವರ್ಷ ಅದು ಕಡಿಮಿ ಕೊಡ್ತು. ಡಬ್ಬಿ ಅರ್ಧ ಆತು. ಅರ್ಧ ಡಬ್ಬಿ ಹೆಂಗ ಕಳಸ್ಲೋ?”

ಆ ಮನೆಯಲ್ಲಿ ಯಾವ ಪಾತ್ರೆಯೂ ಕೊರೆಯಾಗಿ ಹೊಸ್ತಿಲು ದಾಟಿದ್ದಿಲ್ಲ. ನೆರೆಯವರ ಬಟ್ಟಲು ಪಲ್ಯ ತುಂಬಿಕೊಂಡು ಬಂದರೆ ಶೇಂಗಾ ತುಂಬಿಕೊಂಡು ಮರಳುತ್ತಿತ್ತು. ಏನೂ ಇಲ್ಲದ ದಿನ ಒಂದು ಹಿಡಿ ಉಪ್ಪನ್ನಾದರೂ ಹಾಕಿ ಕೊಡುತ್ತಿದ್ದರು. ಗೊಲ್ಲಾಳಪ್ಪನವರು ಇದನ್ನು ಹುಟ್ಟಿನಿಂದ ನೋಡಿದ್ದರು. ದ್ರಾವಣದ ಸ್ನಿಗ್ಧತೆಯ ಮೇಲೆ, ಎಂದರೆ ಅದು ಕೊಳವೆಯಲ್ಲಿ ಇಳಿಯುವ ಬಗೆಯ ಮೇಲೆ, ಇದರ ಪರಿಣಾಮವೇನಾದೀತೆಂದು ಮಾತ್ರ ಯೋಚಿಸಿರಲಿಲ್ಲ.

“ನೀ ಕಾಲೇಜ್ ಮಾಸ್ತರ,” ಎಂದ ಕರೆಪ್ಪ. “ತಿಕೋಟಾದಿಂದ ಅರ್ಧ ಡಬ್ಬಿ ಬಂತಂದ್ರ ಅಲ್ಲಿ ಮಂದಿ ಏನಂದಾರು? ಅದಕ್ಕ ಬಾವಿ ಮಗ್ಗಲ ಬೇವಿಂದ ಒಂದಿಷ್ಟ ಹಾಕಿ ಮಟ್ಟ ಮಾಡ್ದೆ.”

“ಒಂದರ ಅಂಟ ಇನ್ನೊಂದಕ್ಕ ಹಾಕಬ್ಯಾಡಂತ ಹೇಳಿದ್ದಿಲ್ಲೇನ?”

“ಹೇಳಿದ್ದಿ. ನಾ ಹಾಕೇನಿ? ಒಂದ ಗೀಟಿಂದ ಎರಡ ಗೀಟಿನ್ಯಾಗ ಹಾಕಿದ್ರ ಹೇಳು, ಕೆರ ತಗೊಂಡ ಹೊಡಿ. ಬೇವಿಗಿ ನೀ ಗೀಟ ಎಳದಿದ್ದಿಲ್ಲ.”

ಗೊಲ್ಲಾಳಪ್ಪನವರು ಸಿಟ್ಟಾಗಲೆಂದು ಬಾಯಿ ತೆರೆದರು. ಒಳಗಿನ ವಿಜ್ಞಾನಿ ಅಡ್ಡ ಬಂದ. ಅಪ್ಪ ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದ. ಜಾಲಿಗೆ ಜಾಲಿ ಬೆರೆತಿರಲಿಲ್ಲ, ಬೆರೆತಿದ್ದು ಬೇವೊಂದೇ. ಬೇವನ್ನು ಬೇರೆ ಮಾಡಬಲ್ಲ ವ್ಯಕ್ತಿಯೊಬ್ಬಳು ಬಬಲೇಶ್ವರದಲ್ಲಿದ್ದಳು. ಅವರು ಅಪ್ಪನ ಬುತ್ತಿಯಿಂದ ಅರ್ಧ ರೊಟ್ಟಿ ಮುರಿದುಕೊಂಡು, ತಿನ್ನುತ್ತಲೇ ಬಸ್ಸಿಗೆ ಓಡಿದರು.

ಬಬಲೇಶ್ವರದ ಆ ಅಡಿಗೆಮನೆಯಲ್ಲಿ ಮುಂದಿನ ಎರಡು ದಿನ ನಡೆದ ಕಾರ್ಯ ಹೀಗಿತ್ತು: ಗೊಲ್ಲಾಳಪ್ಪನವರು ಒಂದೊಂದು ಗಟ್ಟಿಯಿಂದ ಸಾಸಿವೆಯಷ್ಟು ಚೂರನ್ನು ಚಿವುಟಿ ಕೊಡುವುದು, ಪರಸವ್ವ ಅದನ್ನು ತುಪ್ಪಕ್ಕೆ ಬಿಡುವುದು, ಗೊಲ್ಲಾಳಪ್ಪನವರು ಪುಸ್ತಕದಲ್ಲಿ ‘ಅರಳಿತು’ ಅಥವಾ ‘ಅರಳಲಿಲ್ಲ’ ಎಂದು ಬರೆದು ಗಟ್ಟಿಯನ್ನು ಆಯಾ ಪಾಲಿಗೆ ಸೇರಿಸುವುದು. ಒಟ್ಟು ಆರುನೂರ ಹದಿನಾಲ್ಕು ಗಟ್ಟಿಗಳು. ಅರಳಿದ ಚೂರುಗಳನ್ನೆಲ್ಲ ಚಂದ್ರಾಬಾಯಿ ತಿಂದಳು. ಓಣಿಯ ತುಂಬ ತುಪ್ಪದ ವಾಸನೆ ಎದ್ದು, ನೆರೆಯ ರಹಿಮಾಬಿ ಬಾಗಿಲಲ್ಲಿ ಬಂದು ನಿಂತಳು.

“ಏನ ಪರಸವ್ವಾ, ಎಷ್ಟ ಮಂದಿ ಬಾಣಂತ್ಯಾರ ಅದಾರಬೇ ನಿಮ್ಮನ್ಯಾಗ?”

“ಒಬ್ಬಾಕಿ ಹಡದಾಳ,” ಎಂದಳು ಪರಸವ್ವ, ಬಾಣಲೆಯಿಂದ ಕಣ್ಣು ತೆಗೆಯದೆ. “ಒಬ್ಬಾಂವ ಆರು ವರ್ಷದಿಂದ ಹಡ್ಯಾಕತ್ತಾನ.”

ಮಾರ್ಚ್ ಐದನೆಯ ತಾರೀಖು ಬಸಲಿಂಗಯ್ಯನವರು ವಿಜಾಪುರಕ್ಕೆ ಬಂದರು. ಡಬ್ಬಿಯಲ್ಲಿ ಬೇವಿನಂಟು ಬೆರೆತಿತ್ತೆಂಬುದನ್ನು ಗೊಲ್ಲಾಳಪ್ಪನವರು ಪತ್ರದಲ್ಲಿ ಮೊದಲೇ ತಿಳಿಸಿದ್ದರು. ಪರೀಕ್ಷೆ ಮುಗಿದು ವಿದ್ಯಾರ್ಥಿಗಳು ಹೋದ ಮೇಲೆ ಕೊಳವೆಯೆದುರು ಕುರ್ಚಿ ಹಾಕಿಸಿಕೊಂಡು ಕುಳಿತರು. ಗೊಲ್ಲಾಳಪ್ಪನವರು ಆರಿಸಿ, ಶುದ್ಧಮಾಡಿ ಕರಗಿಸಿಟ್ಟಿದ್ದ ಐದನೆಯ ಗಿಡದ ದ್ರಾವಣವನ್ನು ಕೊಳವೆಗೆ ತುಂಬಿದರು. ಅಮೀನಸಾಬ ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ.

ಮೂರು ನಿಮಿಷ ಹನ್ನೆರಡು ಸೆಕೆಂಡು. ಮತ್ತೊಮ್ಮೆ: ಮೂರು ಹನ್ನೆರಡು. ಮೂರನೆಯ ಸಲ: ಮೂರು ಹದಿಮೂರು.

ಪ್ರೊಫೆಸರರು ಹುಬ್ಬೇರಿಸಿದರು. “ಆ ಒಂದ ಸೆಕೆಂಡ್?”

“ಅದು ನಂದ್ರಿ ಸರ್,” ಎಂದ ಅಮೀನಸಾಬ. “ಖುಷಿಗಿ ತಡಾ ಆತು.”

ಬಸಲಿಂಗಯ್ಯನವರು ನಕ್ಕು, ಪೆನ್ನಿನ ಟೋಪಿ ತೆಗೆದರು. ತೆಗೆಯುತ್ತಲೇ ಸಹಜವಾಗಿ ಕೇಳಿದರು: “ಅಂದಂಗ ಬೇವಿಂದ ಹೆಂಗ ಬ್ಯಾರೆ ಮಾಡಿದಿ?”

ಸುಳ್ಳು ಹೇಳಲು ಆಗ ಸಾಕಷ್ಟು ಸಮಯವಿತ್ತು. ಆದರೆ ಆರು ವರ್ಷ ಒಂದೇ ಉತ್ತರವನ್ನು ಮೂರು ಸಲ ಕೇಳಿ ಅಭ್ಯಾಸವಾದ ಮನುಷ್ಯನಿಗೆ ಇನ್ನೊಂದು ಉತ್ತರ ತೋಚಲಿಲ್ಲ. ಗೊಲ್ಲಾಳಪ್ಪನವರು ಇದ್ದದ್ದನ್ನು ಇದ್ದಂತೆ ಹೇಳಿದರು. ಬಾಣಲೆಯವರೆಗೆ ಬರುವಷ್ಟರಲ್ಲಿ ಪೆನ್ನಿನ ಟೋಪಿ ಮತ್ತೆ ಪೆನ್ನಿನ ಮೇಲೆ ಕುಳಿತಿತ್ತು.

“ಯಾ ಪ್ರಯೋಗಶಾಲೆ ಅಂದಿ?”

“ಬಬಲೇಶ್ವರ್ರಿ.”

“ಮಾಡಿದಾವ್ರು?”

“ನಮ್ಮತ್ತಿ ಪರಸವ್ವಾರ್ರಿ.”

“ಗೊಲ್ಲಾಳಪ್ಪಾ, ಹೊರಗಿನ ಪರೀಕ್ಷಕರು ಇದನ್ನ ಓದಿದ್ರ ಉಂಡಿ ಜೋಡಿ ನನ್ನನ್ನೂ ಹುರದ ಬಿಡ್ತಾರ.” ಅವರು ಎದ್ದು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. “ನಾಳೆ ಹೋಗೂನು. ಹತ್ತು ಪೊಟ್ಣ ನಾನ ಕಟ್ತೀನಿ. ಯಾವುದರಾಗ ಏನೈತಂತ ನನಗೊಬ್ಬವಗ ಗೊತ್ತು. ಹತ್ತಕ್ಕ ಹತ್ತು ಹೇಳಿದ್ರ ಸಹಿ. ಒಂದ ತಪ್ಪಿದ್ರ, ಚಹಾ ಕುಡದಿವಿ ಅಂತ ತಿಳ್ಕೊಳ್ಳೂನು.”

ಮರುದಿನ ಪ್ರೊಫೆಸರರು ಕೋಟಿ‌ನ ಎರಡೂ ಜೇಬುಗಳಲ್ಲಿ ಪೊಟ್ಟಣಗಳನ್ನು ತುಂಬಿಕೊಂಡು, ಕುರಿಮರಿಯೊಂದರ ಪಕ್ಕದ ಸೀಟಿನಲ್ಲಿ ಕುಳಿತು, ಬಬಲೇಶ್ವರಕ್ಕೆ ಪ್ರಯಾಣ ಮಾಡಿದರು. ಒಲೆಯ ಮುಂದೆ ಅವರಿಗೆ ಮಣೆ ಹಾಕಲಾಯಿತು. ಪರಸವ್ವ ಸೆರಗು ಹೊದ್ದು, “ಊಟ ಮದಲೋ, ಪರೀಕ್ಷಾ ಮದಲೋ?” ಎಂದು ಕೇಳಿದಳು. ಪರೀಕ್ಷೆಯೆಂದರು.

ಮೊದಲ ಪೊಟ್ಟಣವನ್ನು ನೋಡಿದೊಡನೆ, “ಬೇವು” ಎಂದಳು.

“ತುಪ್ಪದಾಗ ಹಾಕಿ ಹೇಳ್ರಿ,” ಎಂದರು ಪ್ರೊಫೆಸರರು.

“ಬೇವಂತ ಕಂಡ ಮ್ಯಾಲೆ ತುಪ್ಪಾ ಯಾಕ ಕೆಡಸೂದ್ರಿ?” ಎಂದು ಗೊಣಗಿದಳಾದರೂ ಹಾಕಿದಳು. ಬೇವೇ. ಆರು ಪೊಟ್ಟಣಗಳು ಸರಾಗವಾಗಿ ಮುಗಿದವು; ಪ್ರೊಫೆಸರರು ಚೀಟಿಯಲ್ಲಿ ಆರು ಸಲ ಗುರುತು ಹಾಕಿದರು. ಏಳನೆಯದನ್ನು ಬಾಣಲೆಗೆ ಬಿಟ್ಟಾಗ ಅರ್ಧ ಉಬ್ಬಿತು, ಅರ್ಧ ಕಪ್ಪಾಯಿತು.

“ಇದು ಎರಡೂ ಐತ್ರಿ,” ಎಂದಳು ಪರಸವ್ವ.

ಪ್ರೊಫೆಸರರು ಚೀಟಿ ನೋಡಿದರು. “ಎರಡೂ ಇಲ್ರಿ. ನಾ ಬರೇ ಜಾಲಿ ಹಾಕೀನಿ.”

ಗೊಲ್ಲಾಳಪ್ಪನವರು ಹಿಂದಿನಿಂದ ಚೀಟಿಯ ಮೇಲೆ ಬಗ್ಗಿದರು. 

“ನೀವ ಏನ ಹಾಕೀರೋ ನನಗ ಗೊತ್ತಿಲ್ರಿ. ಬಂದಿದ್ದ ಹೇಳ್ತೀನಿ,” ಎಂದು ಪರಸವ್ವ ಪೊಟ್ಟಣದಲ್ಲಿ ಉಳಿದ ಗಟ್ಟಿಯನ್ನು ಲಟ್ಟಣಿಗೆಯಿಂದ ಕುಟ್ಟಿದಳು. ಅದು ಎರಡಾಯಿತು: ಒಂದು ಹೊಂಬಣ್ಣದ್ದು, ಒಂದು ಕಪ್ಪು. “ಯಾ ಕಿಸೇದಾಗ ಇಟ್ಟಿದ್ರಿ?”

ಪ್ರೊಫೆಸರರು ಬಲಜೇಬಿಗೆ ಕೈ ಹಾಕಿದರು. ಎಂಟನೆಯ ಪೊಟ್ಟಣ ಬಸ್ಸಿನ ಕುಲುಕಾಟಕ್ಕೆ ಬಿಚ್ಚಿಹೋಗಿತ್ತು. ಅದರಲ್ಲಿನ ಬೇವು ಸೆಖೆಗೆ ಮೆತ್ತಗಾಗಿ ಏಳನೆಯದರೊಳಗೆ ನುಗ್ಗಿ ಕಚ್ಚಿಕೊಂಡಿತ್ತು. ಸ್ವಲ್ಪ ಕೋಟಿಗೂ ಕಚ್ಚಿಕೊಂಡಿತ್ತು. ಅವರು ಬಹಳ ಗಂಭೀರವಾಗಿ ತಮ್ಮ ಚೀಟಿಯನ್ನು ತಿದ್ದಿದರು. ಮೂವತ್ತು ವರ್ಷದ ಅಧ್ಯಾಪನದಲ್ಲಿ ಪರೀಕ್ಷಾರ್ಥಿಯೊಬ್ಬರು ಪರೀಕ್ಷಕನ ತಪ್ಪನ್ನು ಲಟ್ಟಣಿಗೆಯಿಂದ ತೋರಿಸಿದ್ದು ಅದೇ ಮೊದಲು.

ಎಂಟು, ಒಂಬತ್ತು ತಪ್ಪಲಿಲ್ಲ; ಕೊನೆಯದು ಹತ್ತನೆಯ ಪೊಟ್ಟಣ. ಪರಸವ್ವ ಅದರ ಪುಡಿಯನ್ನು ಬಾಣಲೆಗೆ ಉದುರಿಸಿ, ಮೂಸಿ, ಮುಖ ಸಿಂಡರಿಸಿದಳು. “ಇದು ಜಾಲೀನೂ ಅಲ್ಲ, ಬೇವೂ ಅಲ್ಲ. ಗಿಡದ್ದ ಅಲ್ರಿ ಇದು. ಹಿಟ್ಟ ಹುರದಂಗ ವಾಸನಿ ಬರಾಕತ್ತೈತಿ. ಯಾವಾನೋ ನಿಮಗ ಮೋಸ ಮಾಡ್ಯಾನ ನೋಡ್ರಿ.”

ಅದು ಪ್ರೊಫೆಸರರು ಆ ಬೆಳಿಗ್ಗೆ ಅಂಗಡಿಯಲ್ಲಿ ಕೊಂಡ, ಲಕೋಟೆ ಅಂಟಿಸುವ ಪುಡಿ. ಪಿಷ್ಟವನ್ನು ಹುರಿದೇ ಅದನ್ನು ಮಾಡುತ್ತಾರೆಂಬುದು ಅವರಿಗೆ ಗೊತ್ತಿತ್ತು. ಅದನ್ನು ಮೂಸಿ ಹೇಳಬಹುದೆಂಬುದು ಗೊತ್ತಿರಲಿಲ್ಲ. ಅವರು ಚೀಟಿಯನ್ನು ಮಡಿಚಿಟ್ಟು, “ಗೊಲ್ಲಾಳಪ್ಪಾ, ಕಾಗದ ತಾ” ಎಂದರು. ಸಹಿ ಹಾಕುವಾಗ ಆಧಾರಕ್ಕೆಂದು ಉಂಡೆಯ ತಾಟನ್ನೇ ಮಗುಚಿ ಕೊಡಲಾಯಿತು. ಆ ಪುಟದ ಮೂಲೆಯಲ್ಲಿ ತುಪ್ಪದ ಕಲೆ ಇಂದಿಗೂ ಇದೆ.

ಪ್ರಬಂಧ ಮಾರ್ಚ್ ಮೂವತ್ತರಂದು, ಒಂದು ದಿನ ಉಳಿದಿರುವಾಗ, ಧಾರವಾಡ ಮುಟ್ಟಿತು. ಅದರ ಎರಡನೆಯ ಅಧ್ಯಾಯದಲ್ಲಿ ‘ಕಾದ ತುಪ್ಪದಲ್ಲಿ ಅಂಟಿನ ಮೂಲವನ್ನು ಗುರುತಿಸುವ ಪ್ರಾಥಮಿಕ ವಿಧಾನ’ ಎಂಬ ಭಾಗವಿತ್ತು. ಕೃತಜ್ಞತೆಯ ಪುಟದಲ್ಲಿ ಬಬಲೇಶ್ವರದ ಶ್ರೀಮತಿ ಪರಸವ್ವನವರ ಹೆಸರಿತ್ತು. ಮುಂಬಯಿಯ ಪರೀಕ್ಷಕರೊಬ್ಬರು ವಿಧಾನವನ್ನು ಮೆಚ್ಚಿ, ಆ ವಿದುಷಿ ಯಾವ ಸಂಸ್ಥೆಯಲ್ಲಿದ್ದಾರೆ, ತಮ್ಮ ಕೆಲವು ಮಾದರಿಗಳನ್ನೂ ಪರೀಕ್ಷಿಸಿಕೊಡುವರೇ ಎಂದು ವಿಚಾರಿಸಿದರು. ಸದ್ಯ ಅವರು ಮೊಮ್ಮಗಳ ಆರೈಕೆಯಲ್ಲಿರುವುದರಿಂದ ಹೊಸ ಕೆಲಸ ಒಪ್ಪಿಕೊಳ್ಳಲಾರರೆಂದು ಗೊಲ್ಲಾಳಪ್ಪನವರು ವಿನಯದಿಂದ ಉತ್ತರ ಬರೆದರು.

೧೯೬೫ರ ಬೇಸಿಗೆಯಲ್ಲಿ, ಡಾಕ್ಟರೇಟ್ ಪ್ರಕಟವಾದ ಮೇಲೆ, ಅವರು ಪ್ರಬಂಧದ ಒಂದು ಪ್ರತಿಯನ್ನು ಅಪ್ಪನಿಗೆ ತೋರಿಸಲು ತಿಕೋಟಾಕ್ಕೆ ಒಯ್ದರು. ದಾರಿಯಲ್ಲಿ ಬಾವಿಯ ಪಕ್ಕದ ಬೇವಿನ ಗಿಡವನ್ನು ಕಂಡು ನಿಂತರು. ಬೊಡ್ಡೆಯ ಮೇಲೆ ಸುಣ್ಣದಿಂದ ಆರು ಗೀಟುಗಳನ್ನು ಎಳೆಯಲಾಗಿತ್ತು, ಸ್ವಲ್ಪ ಸೊಟ್ಟಗೆ.

“ಈಗ ಅದಕ್ಕೂ ಗೀಟ ಐತಿ,” ಎಂದ ಮನೆಯ ಕಟ್ಟೆಯ ಮೇಲಿದ್ದ ಕರೆಪ್ಪ, ಮಗ ಬಂದೊಡನೆ. “ಮುಂದ ನನಗ ಅನ್ನೂದಲ್ಲ.”

ಪುಸ್ತಕವನ್ನು ಅವನು ಎರಡೂ ಕೈಯಿಂದ ಇಸಿದುಕೊಂಡು ತೂಗಿ ನೋಡಿದ. ರಟ್ಟನ್ನು ಸವರಿದ. ಐದು ಗಿಡಗಳ ರೇಖಾಚಿತ್ರವಿದ್ದ ಪುಟವನ್ನು ಗೀಟುಗಳಿಂದಲೇ ಗುರುತಿಸಿ, “ನಮ್ಮವಽ” ಎಂದು ಹಿಗ್ಗಿದ. ಹಾಳೆ ತಿರುವುತ್ತ ತಿರುವುತ್ತ ಕೊನೆಗೆ ಬಂದು ನಿಂತ. ರಟ್ಟು ಕಟ್ಟಿದವನು ಹಿಂಬದಿಯಲ್ಲಿ ಎಂಟು ಖಾಲಿ ಹಾಳೆಗಳನ್ನು ಬಿಟ್ಟಿದ್ದ. ಕರೆಪ್ಪ ಅವನ್ನು ಒಂದೊಂದಾಗಿ ಎಣಿಸಿದ, ಮುಖ ಚಿಕ್ಕದಾಯಿತು.

“ಇವ ಯಾಕ ಖಾಲಿ ಬಿಟ್ಟೀದಿ?”

“ಬೈಂಡಿಂಗ್‌ದಾಂವ ಬಿಟ್ಟಾನಪ್ಪಾ. ಹಂಗ ಇರ್ತಾವು.”

“ಹಂಗ ಹೆಂಗ ಇರ್ತಾವು? ನೋಡಿದ ಮಂದಿ ಏನಂದಾರು?” ಎಂದು ಕರೆಪ್ಪ ಎದ್ದು, ಏನೋ ಹುಡುಕಲು ಒಳಗೆ ಹೋದ. ಪೆಟ್ಟಿಗೆಯೊಂದನ್ನು ಎಳೆದ ಸದ್ದು ಕೇಳಿತು.

ಡಾಕ್ಟರ್ ಗೊಲ್ಲಾಳಪ್ಪನವರು ಕ್ಷಣವೂ ತಡಮಾಡದೆ ಪುಸ್ತಕವನ್ನು ತಮ್ಮ ಟ್ರಂಕಿನಲ್ಲಿ ಹಾಕಿ, ಕೀಲಿ ಜಡಿದು, ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡರು.